ಓದುಗರ ಪ್ರಶ್ನೆ: ದೇಶ ಬದಲಿಸಲು ಯಾವ ಋತು ಸೂಕ್ತ?

ಪ್ರಶ್ನೆ: ನನ್ನ ಪತಿಗೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಉದ್ಯೋಗ ದೊರೆತಿದ್ದು, ಜೂನ್‌ನಿಂದ ಜನವರಿಯವರೆಗೆ ಯಾವಾಗ ಬೇಕಾದರೂ ಸೇರಬಹುದೆಂದು ಸಂಸ್ಥೆಯವರು ತಿಳಿಸಿದ್ದಾರೆ. ನಮಗೆ 8 ಮತ್ತು 13 ವರ್ಷದ ಇಬ್ಬರು ಮಕ್ಕಳಿದ್ದಾರೆ. ಚಳಿಗಾಲದಲ್ಲೇ ಹೋಗಿ ಇಳಿದರೆ ಬೇಗ ಒಗ್ಗಿಕೊಳ್ಳಬಹುದೆಂದು ಪರಿಚಿತರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಈ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪರಿಚಿತರು ಚಳಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅಲ್ಲಿನ ಮನೆ, ಶಾಲೆ, ಬಸ್ಸುಗಳೆಲ್ಲ ಚೆನ್ನಾಗಿ ಬೆಚ್ಚಗಿರುವುದರಿಂದ ಚಳಿಯನ್ನು ಸರಿಯಾದ ಉಡುಪಿನಿಂದ ನಿಭಾಯಿಸಬಹುದು. ಹೊಸಬರನ್ನು ನಿಜವಾಗಿ ಕುಗ್ಗಿಸುವುದು ಬೆಳಕಿನ ಕೊರತೆ. ಹೆಲ್ಸಿಂಕಿಯಲ್ಲಿ ಜೂನ್ ಕೊನೆಯ ಭಾಗದಲ್ಲಿ ಸುಮಾರು 19 ಗಂಟೆಗಳಷ್ಟು ಹಗಲಿದ್ದರೆ, ಡಿಸೆಂಬರ್ ಕೊನೆಯಲ್ಲಿ ಅದು 6 ಗಂಟೆಗಳಿಗೂ ತುಸು ಕಡಿಮೆಯಾಗುತ್ತದೆ. ಇಂತಹ ಕತ್ತಲೆಯ ತಿಂಗಳುಗಳಲ್ಲಿ ಕೆಲವರನ್ನು ಆವರಿಸುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು 1984ರಲ್ಲಿಯೇ ವೈದ್ಯಕೀಯವಾಗಿ ವಿವರಿಸಿದ್ದಾರೆ. ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ಅರ್ಥವಾಗದ ಭಾಷೆಯ ಪತ್ರಗಳಿಗೆ ಉತ್ತರಿಸುವುದು ಇವೆಲ್ಲ ಒಟ್ಟಿಗೆ ಮೈಮೇಲೆ ಬೀಳುವ ಮೊದಲ ವಾರಗಳಲ್ಲಿ ಕತ್ತಲೆಯ ಭಾರವೂ ಸೇರುವುದು ಬೇಡ. ಬೇಸಿಗೆಯ ಕೊನೆಯಲ್ಲಿ ಹೋದವರಿಗೆ ಹಗಲು ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಕಿರಿದಾಗುತ್ತದೆ. ಅಷ್ಟರಲ್ಲಿ ಊರಿನ ದಾರಿಗಳು, ನೆರೆಹೊರೆಯವರ ಮುಖಗಳು ಪರಿಚಿತವಾಗಿರುತ್ತವೆ.

ಆದರೆ ನಿಮ್ಮ ವಿಷಯದಲ್ಲಿ ಹವಾಮಾನಕ್ಕಿಂತ ಮೊದಲು ನೋಡಬೇಕಾದದ್ದು ಶಾಲೆಯನ್ನು. ಫಿನ್ಲೆಂಡಿನಲ್ಲಿ ಶಾಲಾ ವರ್ಷವು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಆರಂಭವಾಗುತ್ತದೆ. ಅಲ್ಲಿನ ಭಾಷೆ ಬಾರದ ಮಕ್ಕಳಿಗಾಗಿ ಒಂದು ವರ್ಷದಷ್ಟು ಅವಧಿಯ ಪೂರ್ವಸಿದ್ಧತಾ ಶಿಕ್ಷಣದ ವ್ಯವಸ್ಥೆಯಿದ್ದು, ಅದನ್ನು ನಡುವೆಯೂ ಸೇರಬಹುದು ಎಂಬುದು ನಿಜವೇ. ಆದರೂ 13 ವರ್ಷದ ಮಗುವಿಗೆ ಎಲ್ಲರೂ ಹೊಸ ತರಗತಿಗೆ ಬರುವ ದಿನವೇ ತಾನೂ ಹೋಗುವುದಕ್ಕೂ, ಗೆಳೆಯರ ಗುಂಪುಗಳೆಲ್ಲ ಕೂಡಿಬಂದ ಮೇಲೆ ಜನವರಿಯಲ್ಲಿ ಒಬ್ಬಂಟಿಯಾಗಿ ಒಳಗೆ ಕಾಲಿಡುವುದಕ್ಕೂ ಬಹಳ ಅಂತರವಿದೆ. ಕಿರಿಯ ಮಗು ಹೇಗೂ ಬೇಗ ಬೆರೆಯುತ್ತದೆ. ಹಿರಿಯದರ ಅನುಕೂಲವನ್ನೇ ಮುಂದಿಟ್ಟುಕೊಂಡು ತಿಂಗಳನ್ನು ಗೊತ್ತುಮಾಡಿ.

ಹಾಗೆಂದು ಜುಲೈ ಆರಂಭದಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದೂ ಅಷ್ಟು ಹಿತವಲ್ಲ. ಆ ತಿಂಗಳು ಅಲ್ಲಿ ಬಹುತೇಕರು ದೀರ್ಘ ರಜೆಯಲ್ಲಿರುವುದರಿಂದ ಕಚೇರಿಯ ಕೆಲಸಗಳು ನಿಧಾನವಾಗುತ್ತವೆ. ಸಾಧ್ಯವಿದ್ದಲ್ಲಿ ನಿಮ್ಮ ಪತಿಯವರು ಜೂನ್ ಮೊದಲ ವಾರದಲ್ಲೇ ಹೋಗಿ ನೋಂದಣಿ, ಗುರುತಿನ ಸಂಖ್ಯೆ, ಬ್ಯಾಂಕ್ ಖಾತೆಗಳ ಕೆಲಸವನ್ನು ಆರಂಭಿಸಲಿ; ನೀವು ಮಕ್ಕಳೊಂದಿಗೆ ಜುಲೈ ಕೊನೆಯಲ್ಲಿ ಹೊರಡಿ. ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳೂ ನಗರಕ್ಕೆ ಬರುವ ಕಾರಣ ಬಾಡಿಗೆ ಮನೆಗಳಿಗೆ ಪೈಪೋಟಿ ಹೆಚ್ಚು. ಆದ್ದರಿಂದ ಮೊದಲ ಒಂದೆರಡು ತಿಂಗಳಿಗೆ ತಾತ್ಕಾಲಿಕ ವಸತಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು, ಕಾಯಂ ಮನೆಯನ್ನು ಅಲ್ಲಿಗೆ ಹೋದ ಮೇಲೆ ನಿಧಾನವಾಗಿ ಹುಡುಕಿದರೆ ಅವಸರದ ಒಪ್ಪಂದಗಳಿಂದ ಪಾರಾಗಬಹುದು. ವಾಸದ ಪರವಾನಗಿ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ. ಹಡಗಿನಲ್ಲಿ ಕಳುಹಿಸುವ ಸಾಮಾನುಗಳು ತಲುಪಲು ಹಲವು ವಾರಗಳು ಬೇಕು. ಶರತ್ಕಾಲದ ಮಳೆ ಮತ್ತು ಗಾಳಿಗೆ ಬೇಕಾಗುವ ಉಡುಪುಗಳು ನಿಮ್ಮ ಜೊತೆಯಲ್ಲೇ ಇರಲಿ, ಕಡುಚಳಿಯ ಕೋಟನ್ನು ಮಾತ್ರ ಅಲ್ಲಿಯೇ ಕೊಳ್ಳಿ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸಲು ನನಗೆ ವೀಸಾ ದೊರೆತಿದೆ. ನಾನು ಅವಿವಾಹಿತ, ಮೆಲ್ಬರ್ನ್‌ಗೆ ಹೋದ ಮೇಲೆಯೇ ಕೆಲಸ ಹುಡುಕಬೇಕು. ಅಕ್ಟೋಬರ್ ಒಳ್ಳೆಯದೋ, ಹೊಸ ವರ್ಷದ ನಂತರವೋ?

ಉತ್ತರ: ಮೊದಲಿಗೆ, ವೀಸಾ ಪತ್ರದಲ್ಲಿ ಮೊದಲ ಪ್ರವೇಶಕ್ಕೆ ಕೊನೆಯ ದಿನಾಂಕ ನಿಗದಿಯಾಗಿದ್ದರೆ ಉಳಿದ ಲೆಕ್ಕಾಚಾರವೆಲ್ಲ ಅದರ ಒಳಗೇ ನಡೆಯಬೇಕು.

ಆ ಅಡ್ಡಿ ಇಲ್ಲವಾದರೆ ಅಕ್ಟೋಬರ್ ಆರಂಭವೇ ಮೇಲು. ದಕ್ಷಿಣ ಗೋಳಾರ್ಧದಲ್ಲಿ ಅದು ವಸಂತ. ಮೆಲ್ಬರ್ನ್‌ನ ಹವೆ ಒಂದೇ ದಿನದಲ್ಲಿ ಹಲವು ಬಾರಿ ಬದಲಾಗುವುದಾದರೂ ಓಡಾಟಕ್ಕೆ ತೊಂದರೆಯಿಲ್ಲ. ಕಚೇರಿಗಳೆಲ್ಲ ಪೂರ್ಣವಾಗಿ ಕೆಲಸ ಮಾಡುತ್ತಿರುವುದರಿಂದ ಸಂದರ್ಶನಗಳಿಗೆ ನಿಮಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತದೆ. ಡಿಸೆಂಬರ್ ಮಧ್ಯದಿಂದ ಜನವರಿಯ ಬಹುಭಾಗ ಅಲ್ಲಿ ಕ್ರಿಸ್‌ಮಸ್ ಮತ್ತು ಬೇಸಿಗೆಯ ರಜೆಗಳು ಕೂಡಿಬರುತ್ತವೆ. ನೇಮಕಾತಿಯ ಕೆಲಸ ಮಂದವಾಗಿ, ಮತ್ತೆ ಚುರುಕಾಗುವುದು ಫೆಬ್ರುವರಿಯ ಹೊತ್ತಿಗೆ. ಜನವರಿಯಲ್ಲಿ ಹೋದರೆ 40 ಡಿಗ್ರಿ ಸೆಲ್ಸಿಯಸ್ ದಾಟಬಹುದಾದ ಬಿಸಿಲಿನಲ್ಲಿ, ವಿಶ್ವವಿದ್ಯಾಲಯಗಳಿಗೆ ಬರುವ ವಿದ್ಯಾರ್ಥಿಗಳೊಂದಿಗೆ ಪೈಪೋಟಿ ಮಾಡುತ್ತ ಕೊಠಡಿ ಹುಡುಕಬೇಕಾಗುತ್ತದೆ. ಅಷ್ಟರಲ್ಲಿ ಸಂಬಳವಿಲ್ಲದ ನಿಮ್ಮ ಉಳಿತಾಯವೂ ಕರಗುತ್ತಿರುತ್ತದೆ. ಅಕ್ಟೋಬರ್ ಸಾಧ್ಯವಾಗದಿದ್ದರೆ ನವೆಂಬರ್ ಕೊನೆಯಲ್ಲಿ ಧಾವಿಸುವುದಕ್ಕಿಂತ ಫೆಬ್ರುವರಿವರೆಗೆ ಕಾಯಿರಿ. ಇನ್ನೊಂದು ಮಾತು: ಅಲ್ಲಿನ ಆರ್ಥಿಕ ವರ್ಷ ಜುಲೈ 1ರಿಂದ ಆರಂಭವಾಗುವುದರಿಂದ ಎರಡೂ ದೇಶಗಳ ತೆರಿಗೆ ಹೊಣೆಯನ್ನು ಹೊರಡುವ ಮುನ್ನ ತಿಳಿದವರ ಬಳಿ ಕೇಳಿಕೊಳ್ಳುವುದು ಉತ್ತಮ.

ಪ್ರಶ್ನೆ: ಜುಲೈನಲ್ಲಿ ದುಬೈಗೆ ವರ್ಗವಾಗಿದೆ. 72 ವರ್ಷದ ತಾಯಿಯವರನ್ನು ಜೊತೆಯಲ್ಲೇ ಕರೆದೊಯ್ಯಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲು ಮತ್ತು ಸಮುದ್ರದ ತೇವ ಎರಡೂ ಕೂಡಿದ ಆ ಕಾಲದ ತೀವ್ರತೆಯಿಂದಾಗಿ, ಯುನೈಟೆಡ್ ಅರಬ್ ಎಮಿರೇಟ್ಸ್‌ನ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಯಲಿನಲ್ಲಿ ದುಡಿಯುವ ಕಾರ್ಮಿಕರಿಗೆ ಮಧ್ಯಾಹ್ನದ ವೇಳೆ ಕೆಲಸವನ್ನು ನಿಷೇಧಿಸುತ್ತದೆ. ಮನೆಯೊಳಗೆ ತಂಪಿರುತ್ತದೆ, ನಿಜ. ಆದರೆ ಹೊಸ ಊರಿನಲ್ಲಿ ಹಿರಿಯರು ತಿಂಗಳುಗಟ್ಟಲೆ ನಾಲ್ಕು ಗೋಡೆಗಳ ನಡುವೆಯೇ ಕೂರಬೇಕಾದರೆ ಆ ಊರು ಅವರಿಗೆ ಎಂದೂ ತಮ್ಮದಾಗುವುದಿಲ್ಲ. ನೀವು ಮೊದಲು ಹೋಗಿ, ಅವರ ವೀಸಾ ಮತ್ತು ಆರೋಗ್ಯ ವಿಮೆಯ ಕೆಲಸ ಮುಗಿಸಿ, ಸಂಜೆ ನಡೆದಾಡಲು ಉದ್ಯಾನವಿರುವ ಕಡೆ ಮನೆ ನೋಡಿ. ತಾಯಿಯವರನ್ನು ನವೆಂಬರ್ ಮಧ್ಯದಲ್ಲಿ ಕರೆಸಿಕೊಳ್ಳಿ. ಅಲ್ಲಿಂದ ಮಾರ್ಚ್‌ವರೆಗೆ ಅವರು ದಿನವೂ ಹೊರಗೆ ಓಡಾಡಬಹುದಾದ ಹವೆ ಇರುತ್ತದೆ.