ಮಗ ‘ಬ್ರದರ್’ ಆಗುತ್ತಾನಂತೆ, ಒಪ್ಪಲೇ?

ಪ್ರಶ್ನೆ: ಅಕ್ಕಾವ್ರೇ, ನನ್ನ ಮಗ ಕಳೆದ ಆಗಸ್ಟ್‌ನಲ್ಲಿ ಡಿಗ್ರಿ ಓದಲು ಅಮೆರಿಕಕ್ಕೆ ಹೋದ. ಈಗಷ್ಟೇ 18 ತುಂಬಿದೆ. ಅಲ್ಲಿ ಯಾವುದೋ ಫ್ರಟರ್ನಿಟಿಯಿಂದ ‘ಬಿಡ್’ ಬಂದಿದೆಯಂತೆ, ಸೆಮಿಸ್ಟರ್‌ಗೆ 900 ಡಾಲರ್ ಕೇಳುತ್ತಿದ್ದಾನೆ. ಏನದು ಅಂದರೆ ‘ಹಾಸ್ಟೆಲ್ ಇದ್ದಂಗ ಅವ್ವಾ’ ಅಂತಾನೆ. ನಮ್ಮ ಮನೆಯವರಿಗೆ ರ‍್ಯಾಗಿಂಗ್ ಭಯ. ಬೇಡ ಅನ್ನಲೇ?
— ಒಬ್ಬ ತಾಯಿ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ತಂಗೀ, ಬೇಡ ಅನ್ನುವ ಮೊದಲು ಸ್ವಲ್ಪ ತಡೆಯಿರಿ. ಈಗ ಧಾರವಾಡದ ಸಪ್ತಾಪುರದಲ್ಲಿ ಕೂತು ಬರೆಯುತ್ತಿದ್ದರೂ ನಾನು 14 ವರ್ಷ ಅಲ್ಲಿದ್ದವಳು. ನನ್ನ ಮಗನಿಗೂ ಹೀಗೇ ಬಿಡ್ ಬಂದಿತ್ತು.

ಫ್ರಟರ್ನಿಟಿ ಅಂದರೆ ಕಾಲೇಜು ಹುಡುಗರ ಸಂಘ, ಹೆಸರು ಹೆಚ್ಚಾಗಿ ಗ್ರೀಕ್ ಅಕ್ಷರಗಳದ್ದು. ಬಿಡ್ ಅಂದರೆ ‘ಬಾ, ಸೇರು’ ಅನ್ನುವ ಕರೆ. ಮೊದಲು ‘ರಶ್’ ಅಂತ ನಡೆಯುತ್ತದೆ. ಹುಡುಗರು ಒಂದೊಂದು ಫ್ರಟರ್ನಿಟಿಗೂ ಹೋಗಿ ಮಾತಾಡುತ್ತಾರೆ, ಇಷ್ಟ ಆದವರಿಗೆ ಬಿಡ್ ಸಿಗುತ್ತದೆ. ಒಪ್ಪಿಕೊಂಡವನು ‘ಪ್ಲೆಡ್ಜ್’. ಕೆಲವು ವಾರ ಕಳೆದು ಇನಿಶಿಯೇಶನ್, ಅಂದರೆ ಸಂಘಕ್ಕೆ ಸೇರಿಸಿಕೊಳ್ಳುವ ವಿಧಿ, ಆದ ಮೇಲೆ ‘ಬ್ರದರ್’. ಹುಡುಗಿಯರದು ಸೊರೊರಿಟಿ, ಅಲ್ಲಿ ‘ಸಿಸ್ಟರ್’.

ಗ್ರೀಕ್ ಅಕ್ಷರದ ಹೆಸರು ಕಂಡ ಕೂಡಲೇ ಕುಡಿಯುವ ಸಂಘ ಅಂದುಕೊಳ್ಳಬೇಡಿ. 1776ರಲ್ಲಿ ಶುರುವಾದ ಫೈ ಬೀಟಾ ಕಪ್ಪಾ ಇವತ್ತು ಓದಿನಲ್ಲಿ ಮುಂದಿರುವವರ ಸಂಘ. ಮಾರ್ಟಿನ್ ಲೂಥರ್ ಕಿಂಗ್ ಅವರು ಆಲ್ಫಾ ಫೈ ಆಲ್ಫಾದಲ್ಲಿದ್ದರು. ಕಮಲಾ ಹ್ಯಾರಿಸ್ ಆಲ್ಫಾ ಕಪ್ಪಾ ಆಲ್ಫಾ ಸೊರೊರಿಟಿಯವರು. ಭಾರತ ಮೂಲದ ಮಕ್ಕಳು ಹೆಚ್ಚಾಗಿ ಸೇರುವಂಥವೂ ಇವೆ. ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹುಟ್ಟಿದ್ದು.

ಒಳ್ಳೆಯದನ್ನೂ ಕಂಡಿದ್ದೇನೆ. ನಮ್ಮ ಪಕ್ಕದ ಮನೆಯ ತೆಲುಗು ಹುಡುಗಿಗೆ ಅಪೆಂಡಿಕ್ಸ್ ಆಪರೇಶನ್ ಆದಾಗ ಅವಳ ಸೊರೊರಿಟಿಯ ಹುಡುಗಿಯರು ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತರು. ನಮ್ಮ ಅಪ್ಪ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಅಲ್ಲಿನ ಗೆಳೆಯರು ಅಪ್ಪನ ಕೊನೆಯ ದಿನದವರೆಗೂ ಮನೆಗೆ ಬಂದು ಹೋಗುತ್ತಿದ್ದರು. ದೂರ ಹೋದ ಹುಡುಗನಿಗೆ ಅಂಥ ಬಳಗ ಬೇಕು. ನಿಮ್ಮ ಮಗ ಹುಡುಕುತ್ತಿರುವುದೂ ಅದನ್ನೇ, ಅಲ್ವಾ?

ಆದರೆ ಅಪ್ಪನಿಗೆ ಮನೆಯವರಿಂದ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನನಗೆ ಭಯ ಇರುವುದು ಬಿಡ್‌ಗೂ ಇನಿಶಿಯೇಶನ್‌ಗೂ ನಡುವಿನ ಆ ಕೆಲವು ವಾರಗಳದ್ದು.

ನಾಲ್ಕನೇ ವಾರ ನನ್ನ ಮಗ ಮನೆಗೆ ಬಂದ. ಜೋಳದ ರೊಟ್ಟಿ ಬಡಿದು ಎಣ್ಣೆಗಾಯಿ ಮಾಡಿದ್ದೆ. ತುತ್ತು ಕೈಯಲ್ಲೇ ಇತ್ತು, ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಆಡುತ್ತಿತ್ತು. ತಟ್ಟೆಯ ಪಕ್ಕ ಒಂದು ಚೀಟಿ. ಅದರಲ್ಲಿ 43 ಹೆಸರು. ಎಲ್ಲ ಬ್ರದರ್‌ಗಳ ಹೆಸರು, ಊರು ಮಗ್ಗಿಯ ಹಾಗೆ ಬಾಯಿಪಾಠ ಬರಬೇಕಂತೆ. ತಪ್ಪಿದರೆ ಏನಪ್ಪಾ ಅಂದೆ. ‘ಅದನ್ನ ಹೇಳಂಗಿಲ್ಲವ್ವಾ’ ಅಂದ.

ನಾನು ಬೈಯಲಿಲ್ಲ. ಇನ್ನೊಂದು ರೊಟ್ಟಿ ಹಾಕಿ ಸುಮ್ನೆ ಕೂತೆ. ರಾತ್ರಿ ಒಂದು ಗಂಟೆಗೆ ತಾನೇ ಬಾಯಿಬಿಟ್ಟ. ತಪ್ಪು ಹೇಳಿದವರು ನೆಲಮಾಳಿಗೆಯಲ್ಲಿ ಬೆಳಗಿನವರೆಗೆ ನಿಂತಿರಬೇಕು. ಫೋನ್ ಮೊದಲೇ ಕಸಿದುಕೊಂಡಿರುತ್ತಾರೆ. ಮರುವಾರ ಅವನೇ ಬಿಟ್ಟು ಬಂದ. ಹೀಗೆ ನಡುವೆ ಬಿಟ್ಟು ಬರಬಹುದು ಅನ್ನುವುದೇ ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಿಮ್ಮ ಮಗನಿಗೆ ಇದನ್ನು ಈಗಲೇ ಹೇಳಿಡಿ.

ಇದಕ್ಕೆ ಅಲ್ಲಿ ‘ಹೇಜಿಂಗ್’ ಅನ್ನುತ್ತಾರೆ. ನಮ್ಮ ರ‍್ಯಾಗಿಂಗ್‌ಗಿಂತ ಇದು ಕಷ್ಟ, ಯಾಕಂದರೆ ಹುಡುಗ ಸೇರುವ ಆಸೆಗೆ ತಾನೇ ಒಪ್ಪಿಕೊಂಡಿರುತ್ತಾನೆ, ದೂರು ಕೊಡುವುದಿಲ್ಲ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 19 ವರ್ಷದ ಟಿಮೊಥಿ ಪಿಯಾಜಾ ತೀರಿಕೊಂಡ. ಬಿಡ್ ಒಪ್ಪಿಕೊಂಡ ರಾತ್ರಿಯೇ ಕುಡಿಸಿದ್ದರು, ಮೆಟ್ಟಿಲ ಮೇಲಿಂದ ಬಿದ್ದ. ಹತ್ತಿರ ಹತ್ತಿರ 12 ಗಂಟೆ ಯಾರೂ ಆಂಬುಲೆನ್ಸ್‌ ಕರೆಯಲಿಲ್ಲ. ಆ ಫ್ರಟರ್ನಿಟಿಯ ಮನೆಯಲ್ಲಿ ಮದ್ಯ ತರಬಾರದು ಅಂತ ನಿಯಮ ಇತ್ತು, ತಂಗೀ. ಆಮೇಲೆ ಅವನ ತಂದೆ ತಾಯಿ ಹೋರಾಡಿದರು. 2018ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅವನ ಹೆಸರಿನ ಕಾನೂನೇ ಬಂತು.

2024ರ ಡಿಸೆಂಬರ್‌ನಲ್ಲಿ ಇಡೀ ಅಮೆರಿಕಕ್ಕೆ ಒಂದು ಕಾನೂನು ಆಗಿದೆ. ಯಾವ ಸಂಘ ಹೇಜಿಂಗ್ ಮಾಡಿ ಸಿಕ್ಕಿಬಿದ್ದಿದೆ ಅನ್ನುವುದನ್ನು ಕಾಲೇಜುಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ಮಗನನ್ನು ಕೂರಿಸಿಕೊಂಡೇ ವಿಡಿಯೋ ಕಾಲ್‌ನಲ್ಲಿ ಆ ಪಟ್ಟಿ ತೆಗೆಸಿ ನೋಡಿ. ನೀವೇ ಹುಬ್ಬಳ್ಳಿಯಿಂದ ಕಾಲೇಜಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. 18 ತುಂಬಿದವನ ವಿಷಯ ಅವನ ಒಪ್ಪಿಗೆ ಇಲ್ಲದೆ ಹೇಳಬಾರದು ಅನ್ನುವುದು ಅಲ್ಲಿನ ರೀತಿ.

900 ಡಾಲರ್‌ಗೇ ಮುಗಿಯುತ್ತದೆ ಅಂತ ನಂಬಬೇಡಿ. ಟೀ ಶರ್ಟ್, ಪ್ರವಾಸ, ಮೀಟಿಂಗ್ ತಪ್ಪಿಸಿದ್ದಕ್ಕೆ ದಂಡ, ಹೀಗೆ ಬೆಳೆಯುತ್ತದೆ. ಇಡೀ ವರ್ಷದ ಲೆಕ್ಕ ಬರೆದು ಕಳಿಸು ಅನ್ನಿ.

ಅಲ್ಲಿ 21 ತುಂಬುವವರೆಗೆ ಕುಡಿಯುವಂತಿಲ್ಲ. ಕುಡಿದು ಗಾಡಿ ಓಡಿಸಿ ಸಿಕ್ಕರೆ ವೀಸಾನೇ ರದ್ದಾಗಬಹುದು. ಇದನ್ನು ಹೇಳುವಾಗಲೇ ಇನ್ನೊಂದನ್ನೂ ಹೇಳಿ: ಯಾರಾದರೂ ಕುಡಿದು ಎಚ್ಚರ ತಪ್ಪಿದರೆ ತನಗೇನಾಗುತ್ತದೋ ಅಂತ ಹೆದರಿ ಕೂರದೆ 911ಕ್ಕೆ ಫೋನ್ ಮಾಡಬೇಕು. ಹಾಗೆ ಕರೆ ಮಾಡಿದವರಿಗೆ ಬಹಳಷ್ಟು ರಾಜ್ಯಗಳ ಕಾನೂನಿನಲ್ಲಿ ರಕ್ಷಣೆ ಇದೆ.

ಆಮೇಲೆ ‘ಈ ವಾರಗಳಲ್ಲಿ ಏನೇನು ಮಾಡಿಸ್ತಾರ?’ ಅಂತ ಕೇಳಿ. ಏನು ಅಂದ ಅಂತ ನನಗೆ ಬರೆಯಿರಿ. ಹಣ ಕಳಿಸುವುದು ಅಲ್ಲಿಯವರೆಗೆ ಇರಲಿ.