ಮಳೆಗಾಲದಲ್ಲಿ ಎಂಬಾಸಿಂಗ್

ಪ್ರಶ್ನೆ: ಅಷ್ಟಮಿಗೆ ಬಂಧುಗಳಿಗೆ ಕಳುಹಿಸಲೆಂದು ರಬ್ಬರ್ ಸ್ಟ್ಯಾಂಪಿನಿಂದ ನವಿಲುಗರಿಯ ಚಿತ್ರವನ್ನು ಒತ್ತಿ, ಕಾಯಿಸಿದಾಗ ಕರಗಿ ಗೆರೆಗಳನ್ನು ಉಬ್ಬಿಸುವ ಎಂಬಾಸಿಂಗ್ ಪುಡಿ ಉದುರಿಸಿ ಶುಭಾಶಯ ಪತ್ರಗಳನ್ನು ತಯಾರಿಸುತ್ತಿದ್ದೇನೆ. ಚಿನ್ನದ ಬಣ್ಣದ ಪುಡಿ ಗೆರೆಗಳ ಮೇಲಷ್ಟೇ ನಿಲ್ಲದೆ ಕಾಗದದ ತುಂಬ ಅಂಟಿಕೊಳ್ಳುತ್ತದೆ. ಹೇರ್ ಡ್ರೈಯರ್ ಹಿಡಿದರೆ ಕರಗುವ ಬದಲು ಹಾರಿಹೋಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ಮೊದಲನೆಯ ತೊಂದರೆಗೆ ನಮ್ಮ ಕರಾವಳಿಯ ಮಳೆಗಾಲವೇ ಬಹುಮಟ್ಟಿಗೆ ಕಾರಣ. ಕಾಗದವು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದಲೂ, ಬೆರಳುಗಳ ಬೆವರು ಮತ್ತು ಎಣ್ಣೆಯಂಶ ಅದರ ಮೇಲೆ ಉಳಿಯುವುದರಿಂದಲೂ ಪುಡಿಯು ಬೇಡವಾದ ಕಡೆಯಲ್ಲೆಲ್ಲ ಹಿಡಿದುಕೊಳ್ಳುತ್ತದೆ. ಆದ್ದರಿಂದ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಚಿತ್ರ ಒತ್ತುವ ಮುನ್ನ ಮೆಕ್ಕೆಜೋಳದ ಪಿಷ್ಟವನ್ನು, ಎಂದರೆ ಅಡುಗೆಮನೆಯ ಕಾರ್ನ್‌ಫ್ಲೋರನ್ನು, ತೆಳುಬಟ್ಟೆಯಲ್ಲಿ ಕಟ್ಟಿ ಕಾಗದದ ಮೇಲೆ ಹಗುರವಾಗಿ ತಟ್ಟಿ, ಹೆಚ್ಚಾದುದನ್ನು ಒಣ ಕುಂಚದಿಂದ ಸರಿಸಿಬಿಡಿ. ಬೇಗ ಒಣಗುವ ಡೈ ಶಾಯಿ ಈ ಕೆಲಸಕ್ಕೆ ಒದಗುವುದಿಲ್ಲ. ನಿಧಾನವಾಗಿ ಒಣಗುವ ಪಿಗ್ಮೆಂಟ್ ಶಾಯಿಯನ್ನು ಅಥವಾ ಎಂಬಾಸಿಂಗ್ ಶಾಯಿಯನ್ನೇ ಬಳಸಿ.

ಹೇರ್ ಡ್ರೈಯರಿನ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಅದರಲ್ಲಿ ಗಾಳಿ ಹೆಚ್ಚು, ಪುಡಿಯಲ್ಲಿರುವ ರಾಳವನ್ನು ಕರಗಿಸುವಷ್ಟು ಶಾಖವಿಲ್ಲ. ಕ್ರಾಫ್ಟ್ ಕೆಲಸದ ಹೀಟ್ ಗನ್ನನ್ನು, ಎಂದರೆ ತುಂಬ ಬಿಸಿಯಾದ ಗಾಳಿ ಊದುವ ಉಪಕರಣವನ್ನು, ಕೆಲವು ಸೆಕೆಂಡು ಮೊದಲೇ ಕಾಯಿಸಿಕೊಂಡು, ಪತ್ರವನ್ನು ಚಿಮಟದಲ್ಲಿ ಹಿಡಿದು, ಮೊದಲು ಅಡಿಯಿಂದ ಶಾಖ ಕೊಡಿ. ಪುಡಿ ಕರಗಿ ಹೊಳಪು ಬಂದ ಕೂಡಲೇ ಗನ್ನನ್ನು ಸರಿಸಬೇಕು. ಹೆಚ್ಚು ಕಾಯಿಸಿದರೆ ಗೆರೆಯ ಉಬ್ಬು ಇಳಿದು ಮಂಕಾಗುತ್ತದೆ. ತೆಳು ಕಾಗದ ಸುರುಳಿ ಸುತ್ತುವುದರಿಂದ 250 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕದ ಅಳತೆ) ಅಥವಾ ಅದಕ್ಕಿಂತ ದಪ್ಪನೆಯ ಕಾರ್ಡನ್ನು ಆರಿಸಿಕೊಳ್ಳಿ. ಉಳಿದ ಪುಡಿಯನ್ನು ಮಡಿಸಿದ ಹಾಳೆಯಿಂದ ಮರಳಿ ಡಬ್ಬಿಗೆ ಸುರಿಯಬಹುದು. ಅದು ದುಬಾರಿ ವಸ್ತು.