ಶಿರಸಿ ಕಡೆ ಮನೆ ಹಿಂದಿನ ಕಾಡುಗಿಡ ತೆಗೆಸಿ ಔಷಧಿ ತೋಟ ಮಾಡಬಹುದಾ?

ಜೆಸಿಬಿಗೆ ಹೇಳಿಟ್ಟಿದ್ದರೆ ಮೊದಲು ಬೇಡ ಅನ್ನಿ. ಕುರುಚಲು ತೆಗೆಸಿ, ನರ್ಸರಿಯಿಂದ ಇನ್ಸುಲಿನ್ ಗಿಡ, ಲೋಳೆಸರ ತಂದು ನೆಡಲಾ ಅಂತ ಕೇಳಿದ್ದೀರಿ. ಶಿರಸಿ ಹತ್ತಿರದ ನಮ್ಮ ಮನೆ ಹಿಂದೆ ನಾನು ಮಾಡಿದ್ದೂ ಇದನ್ನೇ.

ನಮ್ಮ ಧರೆ, ಅಂದರೆ ಮನೆ ಹಿಂದಿನ ಮಣ್ಣಿನ ದಿಣ್ಣೆ ಮೇಲೆ ಲಕ್ಕಿ ಗಿಡ ಬೇಲಿಯ ಹಾಗೆ ಬೆಳೆದಿತ್ತು. ದನ ಅದಕ್ಕೆ ಬಾಯಿ ಹಾಕುವುದಿಲ್ಲ, ಅದಕ್ಕೇ ಹಿಂದಿನವರು ಅಲ್ಲಿ ಬಿಟ್ಟಿದ್ದು. ಶೀತ ಆದರೆ ಆಯಿ ಅದರ ಸೊಪ್ಪು ಕುದಿಸಿ, ಕಂಬಳಿ ಹೊದೆಸಿ ಹಬೆ ಹಿಡಿಸುತ್ತಿದ್ದಳು. ಬಾಣಂತಿ ಸ್ನಾನದ ಹಂಡೆಗೂ ಅದೇ ಸೊಪ್ಪು. ಒಣಗಿಸಿ ಅಕ್ಕಿ ಡಬ್ಬಿಗೆ ಹಾಕಿದರೆ ಹುಳ ಕಮ್ಮಿ. ಪಕ್ಕದಲ್ಲೇ ಆಡುಸೋಗೆ, ಕೆಮ್ಮಿಗೆ. (ಕೆಮ್ಮಿನ ಸಿರಪ್ಪಿನಲ್ಲಿ ಬ್ರೋಮ್‌ಹೆಕ್ಸಿನ್ ಅಂತ ಇರುತ್ತದಲ್ಲ, ಅದರ ಮೂಲ ಈ ಎಲೆಯಲ್ಲಿರುವ ವ್ಯಾಸಿಸಿನ್. ಬಸುರಿಯರಿಗೆ ಮಾತ್ರ ಕೊಡಬಾರದು.)

ನಾನು ತೆಗೆಸಿದ್ದು ಮೇ ತಿಂಗಳಲ್ಲಿ. ಕೆಟ್ಟಿದ್ದೇ ಅಲ್ಲಿ. ಬೇಸಿಗೆಯಲ್ಲಿ ಧರೆ ಬೋಳಾಗಿ ಕಾಣುತ್ತದೆ. ಒಂದೆಲಗ ಒಣಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ, ನೆಲನೆಲ್ಲಿ ಇನ್ನೂ ಬೀಜದಲ್ಲೇ ಇರುತ್ತದೆ. ಮಳೆ ಬಿದ್ದ ಮೇಲೆ ಏಳುವ ಗಿಡಗಳು ಅವು. ನನಗೆ ಕಂಡದ್ದು ಬರೀ ಕುರುಚಲು. ಅದನ್ನೂ ಕಡಿದು ಬಿಟ್ಟಿದ್ದರೆ ಅಡ್ಡಿ ಇರಲಿಲ್ಲ, ಲಕ್ಕಿ ಬುಡದಿಂದ ಮತ್ತೆ ಚಿಗುರುತ್ತದೆ. "ಬುಡ ಕೀಳಡ ತಮಾ" ಅಂತ ಆಯಿ ಹೇಳಿದ್ದಳು ಕೂಡ. ಪೂರ್ತಿ ಸಾಫಾಗಲಿ ಅಂತ ಬೇರು ಸಮೇತ ಎತ್ತಿಸಿದೆ. ಜೊತೆಗೆ ಮೇಲ್ಮಣ್ಣೂ ಹೋಯಿತು. ಮಳೆ ಜೋರಾದಾಗ ಹಿಡಿತವಿಲ್ಲದ ಧರೆ ಜರಿದು ಬಚ್ಚಲ ಗೋಡೆಗೆ ಬಂದು ನಿಂತಿತು. ಮಣ್ಣು ಎತ್ತಿಸಿ ಕಲ್ಲು ಕಟ್ಟಿಸುವಷ್ಟರಲ್ಲಿ ಆ ವರ್ಷದ ಅಡಿಕೆ ದುಡ್ಡು ಖಾಲಿ. ಉಳಿದ ಜಾಗಕ್ಕೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯ ಬೀಜ ಗಾಳಿಯಲ್ಲಿ ಹಾರಿ ಬಂದು ತುಂಬಿಕೊಂಡಿತು. ನಾನು ತಂದ ನರ್ಸರಿ ಗಿಡಗಳ ಕಥೆ ಕೇಳಲೇಬೇಡಿ.

ಹಾಗಾಗಿ ಒಂದು ಮಳೆಗಾಲ ಸುಮ್ನೆ ನೋಡಿ. ಏನೇನು ಏಳುತ್ತದೆ ಅಂತ ಊರಿನ ಹಿರಿಯರನ್ನು ಕರೆದು ತೋರಿಸಿ. ನಿಮ್ಮ ಔಷಧಿ ತೋಟ ಅಲ್ಲೇ ಇದೆ, ಹೊಸದಾಗಿ ಮಾಡುವುದೇನೂ ಇಲ್ಲ. ಒಂದೆಲಗ ಸಿಕ್ಕರೆ ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ. ನೆಲನೆಲ್ಲಿ ಕೈಗೆ ಸಿಕ್ಕಿತು ಅಂತ ಕಾಮಾಲೆ ಆದವರಿಗೆ ಮನೆಯಲ್ಲೇ ಅರೆದು ಕುಡಿಸುತ್ತ ಕೂರಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಲಕ್ಕಿ ಜಾಸ್ತಿಯಾದರೆ ಗೆಲ್ಲು ಮಾತ್ರ ಸವರಿ.

ಇನ್ಸುಲಿನ್ ಗಿಡ ಬೇಕೇ ಬೇಕು ಅಂದರೆ ಕುಂಡದಲ್ಲಿ ಇಟ್ಟುಕೊಳ್ಳಿ. ಅದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ, ಅಷ್ಟೇ.